ಮನೆಯೋ, ಸ್ಯಾನಟೋರಿಯಮೋ?

ಕ್ಷಯವೆಂಬ ಹೆಸರನ್ನು ಬಾಯಿಬಿಟ್ಟು ಹೇಳದ ಕಾಲವೊಂದಿತ್ತು. ನಮ್ಮ ಕಡೆ 'ಆ ಕಾಯಿಲೆ' ಎನ್ನುತ್ತಿದ್ದರು. ಕೇಳಿದವರಿಗೆ ಅಷ್ಟರಲ್ಲೇ ಅರ್ಥವಾಗುತ್ತಿತ್ತು. ಕಾಯಿಲೆ ಇದ್ದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ, ಆ ಮನೆಯ ಹೆಣ್ಣನ್ನು ತರುತ್ತಲೂ ಇರಲಿಲ್ಲ. ದಕ್ಷನ ಶಾಪದಿಂದ ಚಂದ್ರನಿಗೂ ಬಂದದ್ದು ಇದೇ ರೋಗವೆಂದು ನಮ್ಮ ಪುರಾಣ ಹೇಳುತ್ತದೆ. ಆದರೆ ಚಂದ್ರ ಹದಿನೈದು ದಿನ ಕ್ಷಯಿಸಿದರೆ ಮತ್ತೆ ಹದಿನೈದು ದಿನ ತುಂಬಿಕೊಳ್ಳುತ್ತಾನೆ. ನಮ್ಮ ಸೋದರಮಾವನಿಗೆ ಆ ಭಾಗ್ಯವಿರಲಿಲ್ಲ.

ಇದು 1951ರ ಮಾತು. ನನಗಾಗ ಎಂಟು ವರ್ಷ. ತಿಪಟೂರಿನ ಕಡೆಯ ಒಂದು ಹಳ್ಳಿಯಲ್ಲಿ ಅಜ್ಜಿಯ ಮನೆ. ಮಾವನಿಗೆ ಕೆಮ್ಮು ಬಂದು, ಸಂಜೆಯ ಜ್ವರ ಬಂದು, ಕೊನೆಗೆ ಕಫದಲ್ಲಿ ರಕ್ತ ಕಾಣಿಸಿಕೊಂಡಿತು. ಆತನಿಗೆ ಬೇರೆ ತಟ್ಟೆ, ಬೇರೆ ಲೋಟ, ಕೊಟ್ಟಿಗೆಯ ಪಕ್ಕದಲ್ಲಿ ಬೇರೆ ಕೋಣೆ ಆದವು. ಸ್ಟ್ರೆಪ್ಟೊಮೈಸಿನ್ ಎಂಬ ಹೆಸರು ನಮ್ಮ ಊರಿನ ತನಕ ಬಂದಿತ್ತು, ಔಷಧ ಬಂದಿರಲಿಲ್ಲ. ಸ್ಯಾನಟೋರಿಯಂ ಒಂದರಲ್ಲಿ ಹಾಸಿಗೆಗಾಗಿ ಅರ್ಜಿ ಹಾಕಿ ಏಳು ತಿಂಗಳು ಕಾದರು. ಹಾಸಿಗೆ ಸಿಕ್ಕಿತು, ತೆಂಗಿನ ತೋಟದಲ್ಲಿ ಒಂದು ಭಾಗ ಕೈಬಿಟ್ಟಿತು. ಹೋದ ಮಾವ ನಾಲ್ಕೇ ತಿಂಗಳಲ್ಲಿ, ವೈದ್ಯರು ಬೇಡವೆಂದರೂ ಕೇಳದೆ, ರೈಲು ಹತ್ತಿ ಮನೆಗೆ ಬಂದುಬಿಟ್ಟ. ಉಳಿದ ತೋಟವನ್ನು ನೋಡಿಕೊಳ್ಳುವವರಿರಲಿಲ್ಲ, ಅತ್ತೆ ಬಸುರಿ, ಮನೆಯಲ್ಲಿ ಎರಡು ಮಕ್ಕಳು. ಮರುವರ್ಷ ತೀರಿಕೊಂಡ. ಅದಾಗಿ ಕೆಲವು ವರ್ಷಗಳಿಗೆ ಆತನ ಹಿರಿಯ ಮಗಳಿಗೂ ಅದೇ ಕಾಯಿಲೆ ಕಂಡಿತು.

'ಅಲ್ಲೇ ಇದ್ದಿದ್ದರೆ ತಾನೂ ಉಳಿಯುತ್ತಿದ್ದ, ಮಗಳಿಗೂ ಅಂಟಿಸುತ್ತಿರಲಿಲ್ಲ' ಎಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ಹೆತ್ತ ತಾಯಿಯೇ ಹೀಗೆ ಹೇಳಿದ ಮೇಲೆ ಇತರರು ಸುಮ್ಮನಿರುವರೆ? ಮಾವ ಹೇಡಿಯೆಂದೂ ಮಕ್ಕಳ ಮೇಲೆ ಕರುಣೆಯಿಲ್ಲದವನೆಂದೂ ನಮ್ಮ ವಂಶದಲ್ಲಿ ಹೆಸರು ನಿಂತುಹೋಯಿತು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಮದರಾಸಿನ ಕೆಲವರು ವೈದ್ಯರು ಮಾಡಿದ ಒಂದು ಪರೀಕ್ಷೆಯ ವರದಿಯನ್ನು ಓದಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಆ ಪರೀಕ್ಷೆಯ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಸ್ಯಾನಟೋರಿಯಂ ಎಂಬುದು ಯುರೋಪಿನಿಂದ ಬಂದ ಕಲ್ಪನೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹರ್ಮನ್ ಬ್ರೆಹ್ಮರ್ ಎಂಬ ವೈದ್ಯ ಸೈಲೀಸಿಯದ ಬೆಟ್ಟಗಳ ನಡುವೆ ಇಂಥ ಮೊದಲ ಆರೋಗ್ಯಧಾಮವನ್ನು ತೆರೆದ. ತಿಳಿಗಾಳಿ, ಪುಷ್ಟಿಯಾದ ಆಹಾರ, ಕ್ರಮವಾದ ವಿಶ್ರಾಂತಿ ಈ ಮೂರೇ ಅಲ್ಲಿಯ ಮದ್ದು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಮೇಲೆ ಇನ್ನೊಂದು ಕಾರಣವೂ ಸೇರಿಕೊಂಡಿತು. ರೋಗ ಅಂಟುವಂಥದಾದುದರಿಂದ ರೋಗಿಯನ್ನು ಮನೆಮಂದಿಯಿಂದ ದೂರವಿಡಬೇಕು. ನಮ್ಮ ದೇಶಕ್ಕೂ ಈ ಪದ್ಧತಿ ಬಂತು. ಮದನಪಲ್ಲಿಯ ಬಳಿ 1915ರಲ್ಲಿ ಮಿಷನ್ನಿನವರ ಸ್ಯಾನಟೋರಿಯಂ ಆರಂಭವಾಯಿತು. ಆ ಸ್ಥಳಕ್ಕೆ ಆರೋಗ್ಯವರಂ ಎಂದೇ ಹೆಸರಾಯಿತು. ನಮ್ಮ ಮೈಸೂರಿನಲ್ಲಿ ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ 1921ರಲ್ಲಿ ಸ್ಯಾನಟೋರಿಯಂ ತೆರೆಯಿತು. ಅರಮನೆಯ ಗೋಡೆಯನ್ನೂ ದಾಟಿದ ರೋಗ ಅದು ಎಂಬುದನ್ನು ಇದಕ್ಕಿಂತ ಬೇರೆ ಹೇಳಬೇಕಾಗಿಲ್ಲ.

ಈ ಸಂಸ್ಥೆಗಳು ಮಾಡಿದ ಉಪಕಾರವನ್ನು ನಾನು ಹಗುರವಾಗಿ ನೋಡುವವನಲ್ಲ. ಔಷಧವಿಲ್ಲದ ಕಾಲದಲ್ಲಿ ಅವು ಸಾವಿರಾರು ಮಂದಿಗೆ ಆಸರೆಯಾದವು. ತೊಡಕಿದ್ದದ್ದು ಲೆಕ್ಕದಲ್ಲಿ. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ದೇಶದಲ್ಲಿ ದೊಡ್ಡದೊಂದು ಸಮೀಕ್ಷೆ ನಡೆಸಿತು. ಕ್ಷಯವು ಪಟ್ಟಣದ ರೋಗ, ಹಳ್ಳಿಯ ತಿಳಿಗಾಳಿಯಲ್ಲಿ ಅದು ಕಡಿಮೆ ಎಂಬ ಭಾವನೆಯನ್ನು ಆ ಸಮೀಕ್ಷೆ ಅಳಿಸಿಹಾಕಿತು. ಹಳ್ಳಿಯಲ್ಲೂ ಅದು ಸರಿಸಮವಾಗಿಯೇ ಇತ್ತು. ರೋಗಿಗಳು ಲಕ್ಷಗಳ ಲೆಕ್ಕದಲ್ಲಿ, ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ. ಎಲ್ಲರಿಗೂ ಹಾಸಿಗೆ ಕೊಡಬೇಕೆಂದರೆ ದೇಶದ ಬೊಕ್ಕಸ ಸಾಲದು; ಕೊಡದಿದ್ದರೆ ಉಳಿದವರ ಗತಿಯೇನು?

ಈ ನಡುವೆ ಮದ್ದುಗಳು ಬಂದಿದ್ದವು. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆಯಿತು. ಅದರ ಗುಣವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ ವರದಿಯನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ 1948ರಲ್ಲಿ ಪ್ರಕಟಿಸಿತು. ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದ ಹಾಗೆ ನಿರ್ಧರಿಸುವ ಏರ್ಪಾಡು ಅಲ್ಲಿತ್ತು. ಈ ಏರ್ಪಾಡಿನ ಹಿಂದೆ ಇದ್ದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು. ವೈದ್ಯರಾಗಬೇಕೆಂದಿದ್ದ ಅವರು ಮೊದಲ ಮಹಾಯುದ್ಧದಲ್ಲಿ ಕ್ಷಯ ತಗುಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ಆ ಆಸೆಯನ್ನೇ ಬಿಡಬೇಕಾಯಿತು. 1952ರಲ್ಲಿ ಐಸೋನಿಯಜಿಡ್ ಬಂತು. ಅದು ಅಗ್ಗ, ಸೂಜಿ ಬೇಕಿಲ್ಲ, ನುಂಗಿದರೆ ಸಾಕು. ಪಾಸ್ ಎಂಬ ಇನ್ನೊಂದು ಮದ್ದಿನೊಡನೆ ಕೊಟ್ಟರೆ ಸೂಕ್ಷ್ಮಜೀವಿ ಅದಕ್ಕೆ ಬಗ್ಗದಂತೆ ಬಲಿಯುವುದೂ ತಪ್ಪುತ್ತಿತ್ತು. ನುಂಗುವ ಮಾತ್ರೆ ಬಂದ ಮೇಲೆ ಹೊಸದೊಂದು ಪ್ರಶ್ನೆ ಎದ್ದಿತು. ಮಾತ್ರೆಯನ್ನು ಮನೆಯಲ್ಲೇ ನುಂಗಿದರಾಗದೆ?

ಕೇಳುವುದಕ್ಕೆ ಇದು ಸರಳವಾದ ಪ್ರಶ್ನೆ. ಆದರೆ ಆ ಕಾಲದಲ್ಲಿ ಅನೇಕರಿಗೆ ಇದು ಅಧರ್ಮದ ಪ್ರಶ್ನೆಯಾಗಿ ಕಂಡಿತು. ಹೊಟ್ಟೆಗಿಲ್ಲದ, ಒಂದೇ ಕೋಣೆಯಲ್ಲಿ ಮಕ್ಕಳ ಮಗ್ಗುಲಲ್ಲಿ ಮಲಗುವ ರೋಗಿಯನ್ನು ಮನೆಯಲ್ಲೇ ಬಿಡುವುದೆಂದರೆ ಏನು? ಅವನನ್ನೂ ಕೊಂದು ಮಕ್ಕಳನ್ನೂ ಕೊಂದ ಹಾಗಲ್ಲವೆ? ನಮ್ಮ ಅಜ್ಜಿ ಹೇಳುತ್ತಿದ್ದ ಮಾತನ್ನೇ ದೊಡ್ಡ ದೊಡ್ಡ ವೈದ್ಯರೂ ಹೇಳುತ್ತಿದ್ದರು ಎನ್ನಬಹುದು.

ಈ ಪ್ರಶ್ನೆಗೆ ಉತ್ತರ ಹುಡುಕಲು 1956ರಲ್ಲಿ ಮದರಾಸಿನಲ್ಲಿ ಕ್ಷಯ ಚಿಕಿತ್ಸಾ ಕೇಂದ್ರವೊಂದು ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ ಈ ನಾಲ್ವರೂ ಅದರಲ್ಲಿ ಕೈಜೋಡಿಸಿದ್ದರು. ಬ್ರಿಟನ್ನಿನಿಂದ ಬಂದ ವಾಲೆಸ್ ಫಾಕ್ಸ್ ಎಂಬ ವೈದ್ಯರು ಮುಂದಾಳಾಗಿದ್ದರು. ಡೆನಿಸ್ ಮಿಚಿಸನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಯ ಸಹಕಾರವಿತ್ತು. ದಿನದಿನದ ಕೆಲಸವನ್ನು ಹೊತ್ತವರು ನಮ್ಮ ದೇಶದ ವೈದ್ಯರು, ದಾದಿಯರು, ಮನೆಮನೆಗೆ ನಡೆದ ಆರೋಗ್ಯ ಸಂದರ್ಶಕರು. ಬೀದಿಯಲ್ಲಿ ನಡೆದವರ ಹೆಸರುಗಳನ್ನು ಇಂಥ ಕಥೆಗಳಲ್ಲಿ ಯಾರೂ ಹೇಳುವುದಿಲ್ಲ. ಅವರ ಕೆಲಸವನ್ನಾದರೂ ನೆನೆಯೋಣ.

ಮದರಾಸಿನ ಬಡ ಕೇರಿಗಳಿಂದ ಬಂದ, ಕಫದಲ್ಲಿ ಕ್ರಿಮಿಯಿದ್ದ 193 ರೋಗಿಗಳು ಈ ಪರೀಕ್ಷೆಗೆ ಸೇರಿದರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಟೋರಿಯಮ್ಮಿಗೆ, ಇನ್ನೊಂದು ಮನೆಗೆ. ಇಬ್ಬರಿಗೂ ಅದೇ ಮದ್ದು: ಐಸೋನಿಯಜಿಡ್ ಮತ್ತು ಪಾಸ್, ಒಂದು ವರ್ಷ. ಸ್ಯಾನಟೋರಿಯಮ್ಮಿನವರಿಗೆ ಒಳ್ಳೆಯ ಊಟ, ವಿಶ್ರಾಂತಿ, ದಾದಿಯರ ಆರೈಕೆ. ಮನೆಯವರಿಗೆ ಅವರ ಮನೆಯಲ್ಲಿ ಏನಿತ್ತೋ ಅದು. ವಾರಕ್ಕೊಮ್ಮೆ ಬಂದು ಮದ್ದು ಒಯ್ಯಬೇಕು. ಕೈಲಾದರೆ ಕೂಲಿಗೂ ಹೋಗುತ್ತಿದ್ದರು. ಹೋಗದಿದ್ದರೆ ಒಲೆ ಹೊತ್ತುವುದು ಹೇಗೆ?

ನುಂಗಿದೆನೆಂದು ಹೇಳಿದವರೆಲ್ಲ ನುಂಗಿರುತ್ತಾರೆಯೆ? ಈ ಅನುಮಾನವನ್ನು ಆ ವೈದ್ಯರು ಮುಚ್ಚಿಡಲಿಲ್ಲ. ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಮದ್ದನ್ನು ಎಣಿಸಿದರು. ಮೂತ್ರ ಪರೀಕ್ಷೆ ಮಾಡಿ ಮದ್ದು ದೇಹಕ್ಕೆ ಇಳಿದಿದೆಯೇ ಎಂದು ನೋಡಿದರು. ತಿಂಗಳು ತಿಂಗಳೂ ಕಫ ಪರೀಕ್ಷೆ, ಆಗಾಗ ಕ್ಷ-ಕಿರಣದ ಚಿತ್ರ. ರೋಗಿಯ ಮಾತನ್ನು ನಂಬದಿರುವುದು ಅವಮಾನವಲ್ಲವೆ ಎಂದು ಕೆಲವರು ಕೇಳಬಹುದು. ಪಾಸ್ ದೊಡ್ಡ ಗಾತ್ರದ, ಹೊಟ್ಟೆ ತೊಳಸುವ ಮದ್ದು. ಮೈ ಸ್ವಲ್ಪ ಹಗುರಾದ ಮೇಲೂ ಅದನ್ನು ತಿಂಗಳುಗಟ್ಟಲೆ ನುಂಗುವುದೆಂದರೆ ನನ್ನಂಥವನೂ ಕಳ್ಳತನ ಮಾಡಿಯೇನು. ಮನುಷ್ಯನ ಸ್ವಭಾವವನ್ನು ಲೆಕ್ಕಕ್ಕೆ ಹಿಡಿದದ್ದೇ ಆ ಪರೀಕ್ಷೆಯ ಪ್ರಾಮಾಣಿಕತೆಯೆಂದು ನನಗೆ ತೋರುತ್ತದೆ.

1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಫಲಿತಾಂಶ ಹೊರಬಂತು. ಒಂದು ವರ್ಷ ಮುಗಿದಾಗ ಕಫದಲ್ಲಿ ಕ್ರಿಮಿ ಕಾಣದೆ ರೋಗ ಶಾಂತವಾದವರು ಸ್ಯಾನಟೋರಿಯಮ್ಮಿನಲ್ಲಿ ನೂರಕ್ಕೆ 92, ಮನೆಯಲ್ಲಿ ನೂರಕ್ಕೆ 86. ಅಂತರ ಇಲ್ಲವೆಂದಲ್ಲ; ಆದರೆ ಊಟ, ಗಾಳಿ, ವಿಶ್ರಾಂತಿಗಳಲ್ಲಿದ್ದ ಅಂತರದ ಮುಂದೆ ಇದು ಅಲ್ಪವೇ. ಮುಂದಿನ ವರ್ಷಗಳಲ್ಲೂ ಅದೇ ರೋಗಿಗಳನ್ನು ಬಿಡದೆ ನೋಡುತ್ತ ಹೋದರು. ಐದು ವರ್ಷ ಕಳೆದ ಮೇಲೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಸ್ಯಾನಟೋರಿಯಮ್ಮಿನವರು ಮೈತೂಕದಲ್ಲಿ ಹೆಚ್ಚು ಏರಿದ್ದರು, ನಿಜ. ಆದರೆ ಕ್ರಿಮಿಯನ್ನು ಸೋಲಿಸಿದ್ದು ತೂಕವಲ್ಲ, ಮದ್ದು.

ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಅದನ್ನು ಬೆಂಗಳೂರಿನ ಗ್ರಂಥಾಲಯವೊಂದರಲ್ಲಿ ಕುಳಿತು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವೈದ್ಯರ ಮಾತು ಮೀರಿ ಚಿಕಿತ್ಸೆ ಬಿಟ್ಟು ಹೊರಟವರು ಮನೆಯ ಗುಂಪಿಗಿಂತ ಸ್ಯಾನಟೋರಿಯಮ್ಮಿನ ಗುಂಪಿನಲ್ಲೇ ಹೆಚ್ಚು. ಒಳ್ಳೆಯ ಊಟವಿತ್ತು, ಮೆತ್ತನೆಯ ಹಾಸಿಗೆಯಿತ್ತು. ಆದರೂ ಹೋದರು. ನಮ್ಮ ಮಾವ ಒಬ್ಬನೇ ಅಲ್ಲ ಎಂದಾಯಿತು. ಮನೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಬಡವನಿಗೆ ವರ್ಷವೆಂಬುದು ಬಹಳ ದೀರ್ಘ. ಅದನ್ನು ನಾವು ಹೇಡಿತನವೆಂದು ಕರೆದಿದ್ದೆವು.

ಮಕ್ಕಳಿಗೆ ಅಂಟುವ ಮಾತು ಏನಾಯಿತು? ಅದನ್ನೂ ಅವರು ಐದು ವರ್ಷ ನೋಡಿದರು. ಎರಡೂ ಗುಂಪಿನ ರೋಗಿಗಳ ಮನೆಮಂದಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ರೋಗಿ ಮನೆಯಲ್ಲೇ ಇದ್ದು ಮದ್ದು ತೆಗೆದುಕೊಂಡ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರು, ರೋಗಿ ದೂರವಿದ್ದ ಮನೆಗಳಿಗಿಂತ ಹೆಚ್ಚಲ್ಲ. ಕಾರಣವೂ ತಿಳಿಯಿತು. ಅಂಟುವಷ್ಟು ಅಂಟುವುದು ರೋಗ ಗೊತ್ತಾಗುವುದಕ್ಕೆ ಮೊದಲೇ. ಮದ್ದು ಶುರುವಾದ ಮೇಲೆ ಅಂಟುವ ಶಕ್ತಿ ಬೇಗ ಇಳಿಯುತ್ತದೆ. ಬೇರೆ ತಟ್ಟೆ, ಬೇರೆ ಲೋಟ ಇಡುವ ಹೊತ್ತಿಗೆ ಆಗಬೇಕಾದದ್ದು ಬಹುಪಾಲು ಆಗಿಹೋಗಿರುತ್ತದೆ.

ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ನಮ್ಮ ಮಾವನಿಗೆ ಮನೆಗೆ ಬಂದ ಮೇಲೆ ಮದ್ದೇ ಇರಲಿಲ್ಲ. ಮದರಾಸಿನ ರೋಗಿಗಳ ಲೆಕ್ಕ ಆತನಿಗೆ ಹೊಂದುವುದಿಲ್ಲ. ಮಗಳಿಗೆ ಆತನಿಂದ ಯಾವಾಗ ಅಂಟಿತೆಂದು, ಅಥವಾ ಆತನಿಂದಲೇ ಅಂಟಿತೆಂದು, ಯಾರೂ ಹೇಳಲಾರರು. ಇಷ್ಟನ್ನು ಮಾತ್ರ ಹೇಳಬಹುದು: ಹೆಸರಿಲ್ಲದ ಆ ಕೆಮ್ಮಿನಲ್ಲಿ ಆತ ತಿಂಗಳುಗಟ್ಟಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಆಗ ಯಾರೂ ತಡೆದಿರಲಿಲ್ಲ. ತಡೆಯಬೇಕೆಂದು ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ಆತ ಮಾಡಿದ್ದಕ್ಕೆ ಹೊರಿಸಿದ ಅಪರಾಧ, ತಿಳಿಯುವ ಮೊದಲು ಆದದ್ದಕ್ಕೆ ಸೇರಿದ್ದಿರಬಹುದು.

ಕಥೆ ಮದರಾಸಿನಲ್ಲೇ ನಿಲ್ಲಲಿಲ್ಲ; ನಮ್ಮ ಜಿಲ್ಲೆಗೂ ಬಂತು. ಮನೆಯಲ್ಲೇ ವಾಸಿಮಾಡಬಹುದೆಂದು ಗೊತ್ತಾಯಿತಷ್ಟೆ. ದೇಶದ ಹಳ್ಳಿಹಳ್ಳಿಯಲ್ಲಿ ಅದನ್ನು ನಡೆಸುವುದು ಹೇಗೆ? ಇದಕ್ಕಾಗಿ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಮೈಸೂರು ಮಹಾರಾಜರಿಗೆ ಸೇರಿದ್ದ 'ಅವಲಾನ್' ಎಂಬ ಬಂಗಲೆಯಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮರುವರ್ಷ ಪ್ರಧಾನಿ ನೆಹರೂ ಅವರಿಂದ ಅದರ ವಿಧ್ಯುಕ್ತ ಉದ್ಘಾಟನೆಯಾಯಿತು. ಅಲ್ಲಿಯವರು 1960–61ರಲ್ಲಿ ತುಮಕೂರು ಜಿಲ್ಲೆಯನ್ನು ಆರಿಸಿಕೊಂಡು ಸಮೀಕ್ಷೆ ನಡೆಸಿದರು. ಕ್ಷ-ಕಿರಣದ ಯಂತ್ರ ಹೊತ್ತ ವಾಹನಗಳು ಹಳ್ಳಿಯ ದಾರಿಯಲ್ಲಿ ಓಡಾಡಿದವು.

ಆ ಸಮೀಕ್ಷೆಯ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಬೇರೊಂದು ಪ್ರಶ್ನೆ ಕೇಳಿದರು. ನಮ್ಮ ಹಳ್ಳಿಗರಿಗೆ ಅರಿವಿಲ್ಲ, ಕೆಮ್ಮಿದರೂ ದವಾಖಾನೆಗೆ ಹೋಗುವುದಿಲ್ಲ ಎಂದು ಪಟ್ಟಣದವರು ಹೇಳುತ್ತಿದ್ದರಲ್ಲ, ಅದು ನಿಜವೆ? ಕ್ಷಯವಿದ್ದವರನ್ನು ಅವರವರ ಮನೆಯಲ್ಲೇ ಮಾತಾಡಿಸಿ 1963ರಲ್ಲಿ ಅವರು ಕೊಟ್ಟ ಉತ್ತರ ಇದು: ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಬಹುಮಂದಿಗೆ ತಮ್ಮ ಮೈಯಲ್ಲಿ ಏನೋ ಆಗಿದೆಯೆಂದು ಗೊತ್ತಿತ್ತು, ಅರ್ಧಕ್ಕಿಂತ ಹೆಚ್ಚು ಜನ ಚಿಕಿತ್ಸೆಗಾಗಿ ಹೋಗಿಯೂ ಇದ್ದರು. ಹೋದವರನ್ನು ಕಫ ಪರೀಕ್ಷೆ ಮಾಡದೆ ಕೆಮ್ಮಿನ ನೀರೌಷಧ ಕೊಟ್ಟು ಕಳಿಸಲಾಗಿತ್ತು. ಅರಿವಿನ ಕೊರತೆ ಇದ್ದದ್ದು ಕೌಂಟರಿನ ಯಾವ ಬದಿಯಲ್ಲಿ ಎಂದು ಓದುಗರೇ ತೀರ್ಮಾನಿಸಲಿ. ಹುಡುಕಿಕೊಂಡು ಬಂದವರನ್ನು ಮೊದಲು ಸರಿಯಾಗಿ ನೋಡಿರೆಂಬ ಆ ಪಾಠ, 1962ರಲ್ಲಿ ಮೊದಲಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಅಡಿಪಾಯಕ್ಕೆ ಸೇರಿತು.

ಮದರಾಸಿನ ಕೇಂದ್ರವೂ ಸುಮ್ಮನಿರಲಿಲ್ಲ. ಮನೆಯಲ್ಲಿ ಚಿಕಿತ್ಸೆಯೆಂದರೆ ಮಾತ್ರೆ ಬಿಡದೆ ನುಂಗಬೇಕೆಂಬುದು ಮೊದಲ ಪರೀಕ್ಷೆಯಲ್ಲೇ ಅವರಿಗೆ ಮನವರಿಕೆಯಾಗಿತ್ತು. ಹಾಗಾದರೆ ದಿನವೂ ಕೊಡದೆ ವಾರಕ್ಕೆ ಎರಡು ಸಲ, ಕಣ್ಣೆದುರಿಗೇ ಕೊಟ್ಟರೆ? ಇದನ್ನೂ ಪರೀಕ್ಷಿಸಿ ಫಲ ಕಂಡು 1964ರಲ್ಲಿ ಪ್ರಕಟಿಸಿದರು. ಮೂರು ದಶಕಗಳ ಮೇಲೆ 'ಡಾಟ್ಸ್' ಎಂಬ ಹೆಸರಿನಲ್ಲಿ ಲೋಕವೆಲ್ಲ ಕೈಗೊಂಡ ಕ್ರಮದ ಬೇರು ಇಲ್ಲಿದೆ. ರಿಫಾಂಪಿಸಿನ್ ಬಂದ ಮೇಲೆ ವರ್ಷದ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. 2011ರಿಂದ ಆ ಕೇಂದ್ರಕ್ಕೆ ರಾಷ್ಟ್ರೀಯ ಕ್ಷಯರೋಗ ಸಂಶೋಧನ ಸಂಸ್ಥೆ ಎಂದು ಹೆಸರು.

ಇಷ್ಟೆಲ್ಲ ಆಗಿಯೂ ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಇಂದಿಗೂ ನಮ್ಮ ದೇಶದವರೇ. ಮದ್ದಿಗೆ ಬಗ್ಗದ ಕ್ಷಯವೂ ಹುಟ್ಟಿಕೊಂಡಿದೆ. ಇದಕ್ಕೆ ಕಾರಣಗಳು ಹಲವು; ಒಂದನ್ನು ಹೇಳದೆ ಈ ಕಥೆ ಮುಗಿಯದು. 1959ರ ವರದಿಯನ್ನು ಓದಿದ ಕೆಲವರು ಅದರಿಂದ ಬೇಡದ ಅರ್ಥವೊಂದನ್ನು ತೆಗೆದರು. ಬಡವನ ಗಂಜಿಯಿಂದಲೂ ರೋಗ ವಾಸಿಯಾಗುವುದಾದರೆ ಊಟದ ಚಿಂತೆ ಸರಕಾರಕ್ಕೇಕೆ? ವರದಿ ಹಾಗೆ ಹೇಳಿರಲಿಲ್ಲ. ಮದ್ದು ನುಂಗುವವನಿಗೆ ಹಾಸಿಗೆ ಬೇಕೇ ಎಂದು ಅದು ಕೇಳಿತ್ತು, ಬೇಕಿಲ್ಲವೆಂದು ಉತ್ತರಿಸಿತ್ತು. ಹಸಿದವರಿಗೆ ರೋಗ ಹೆಚ್ಚು ಬರುವುದೇ ಎಂಬುದು ಬೇರೆಯೇ ಪ್ರಶ್ನೆ.

ಆ ಬೇರೆ ಪ್ರಶ್ನೆಯನ್ನು ಕೇಳಿದವರು ಅರವತ್ತು ವರ್ಷಗಳ ಮೇಲೆ ಬಂದರು. ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮೊದಲಾದ ವೈದ್ಯರು ಮದರಾಸಿನ ಅದೇ ಸಂಸ್ಥೆಯವರ ಜೊತೆಗೂಡಿ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಪರೀಕ್ಷೆ ನಡೆಸಿದರು. 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ರೋಗಿಗಳಿಗೆಲ್ಲ ಆಹಾರ ಕೊಟ್ಟರು. ಅರ್ಧದಷ್ಟು ಕಡೆ ಮನೆಮಂದಿಗೂ ಕೊಟ್ಟರು. ದೊಡ್ಡವರೊಬ್ಬರಿಗೆ ತಿಂಗಳಿಗೆ ಐದು ಕಿಲೊ ಅಕ್ಕಿ, ಒಂದೂವರೆ ಕಿಲೊ ತೊಗರಿಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. 2023ರಲ್ಲಿ ಫಲಿತಾಂಶ ಬಂತು. ಬೇಳೆ ಅಕ್ಕಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಶ್ವಾಸಕೋಶದ ಅಂಟುವ ಬಗೆಯನ್ನಷ್ಟೇ ನೋಡಿದರೆ ಇಳಿತ ಇನ್ನೂ ಹೆಚ್ಚು, ನೂರಕ್ಕೆ 48.

ಎರಡು ಪರೀಕ್ಷೆಗಳೂ ಒಂದನ್ನೊಂದು ಸುಳ್ಳುಮಾಡುವುದಿಲ್ಲ. ಬಂದ ರೋಗಕ್ಕೆ ಮದ್ದು, ಬಾರದಂತಿರಲು ಅನ್ನ. ಮೊದಲನೆಯದು ಬಡವನನ್ನು ಹಾಸಿಗೆಯ ಸರದಿಯಿಂದ ಬಿಡಿಸಿತು. ಎರಡನೆಯದು ಅವನ ಒಲೆಯ ಮೇಲೇನಿದೆಯೆಂದು ನಮಗೆ ನೆನಪಿಸಿತು. ಒಳ್ಳೆಯ ಪರೀಕ್ಷೆ ತನಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಬಿಟ್ಟದ್ದಕ್ಕೆ ನಾವು ಹೊಣೆ.

ಮಾವನ ಆ ಹಿರಿಯ ಮಗಳು ಬದುಕಿದಳು. ಆಕೆಗೆ ಕಾಯಿಲೆ ಬಂದ ಹೊತ್ತಿಗೆ ಮಾತ್ರೆ ಬಂದಿತ್ತು. ಅತ್ತೆ ದಿನವೂ ಎದುರು ನಿಂತು, ಒಂದು ವರ್ಷಕ್ಕೂ ಮೇಲೆ, ಅಡಿಗೆಮನೆಯಲ್ಲೇ ನುಂಗಿಸಿದಳು. ಯಾವ ವರದಿಯನ್ನೂ ಓದದ ಹೆಂಗಸು ಅವಳು. ಮಗಳಿಗೆ ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳೂ ಆದರು. ಹೋದ ವರ್ಷ ಊರಿಗೆ ಹೋಗಿದ್ದಾಗ ಈ ವಿಚಾರವನ್ನೆಲ್ಲ ಆಕೆಗೆ ಹೇಳಿದೆ. ಮನೆಗೆ ಬಂದದ್ದು ಅಪ್ಪನ ತಪ್ಪೆಂದು ಇನ್ನು ಹೇಳಬೇಕಾಗಿಲ್ಲ ಎಂದೆ. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಅಪ್ಪ ಮನೆಗೆ ಬಂದ ದಿನ ನನಗೆ ನೆನಪಿದೆ ಕಣೋ. ನಾವೆಲ್ಲ ಅವತ್ತು ಕುಣಿದಾಡಿದ್ದೆವು' ಎಂದಳು.